ಲಕ್ಷ ಜನ ಕೇಳಿದ ಪದ್ಯಗಳು



2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಗಾಯನ ಕಾರ್ಯಕ್ರಮ ನಡೆಯಿತು. ಹಾಡಿದವರು ಸಿ. ಅಶ್ವಥ್ ಮತ್ತು ಸಂಗಡಿಗರು. ಸೇರಿದ ಜನ ಲಕ್ಷಕ್ಕೂ ಹೆಚ್ಚು. ಕವಿಗಳ ಪದ್ಯ ಕೇಳಲು ಇಷ್ಟು ಮಂದಿ ಎಲ್ಲಿಂದ ಬಂದರು? ಇದರ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಥೆಯಿದೆ.

ಪುಸ್ತಕದಲ್ಲಿದ್ದ ನವೋದಯದ ಕವಿತೆಗಳನ್ನು ಸಭೆಗಳಲ್ಲಿ ಹಾಡಿ ಜನರ ಬಾಯಿಗೆ ತಂದವರಲ್ಲಿ ಪಿ. ಕಾಳಿಂಗರಾಯರು ಮೊದಲಿಗರು. ಅವರ ದಾರಿಯಲ್ಲಿ ಮೈಸೂರು ಅನಂತಸ್ವಾಮಿಯವರು ಬಂದರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂತು. ಅದು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಅಶ್ವಥ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ಎತ್ತಿಕೊಂಡರು. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಅಲ್ಲಿಯವರೆಗೆ ಹೆಚ್ಚಾಗಿ ಭಜನಾ ಮೇಳಗಳಲ್ಲಿ, ಏಕತಾರಿ ತಾಳಗಳ ನಡುವೆ ಬದುಕಿದ್ದವು. ಇನ್ನು ಅವು ಪಟ್ಟಣದ ಮನೆಗಳಿಗೂ ಹೊಕ್ಕವು.

ನಮ್ಮ ಗಡಿಭಾಗಕ್ಕೆ ಇದರ ಬೆಲೆ ಬೇರೆ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅದೇ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕರ್ನಾಟಕದ ಹೊರಗೆ ಉಳಿದವು. ಮರಾಠಿ ಶಾಲೆಗೆ ಹೋದ ಮಕ್ಕಳ ಕೈಗೆ ಬೇಂದ್ರೆಯವರ ಪುಸ್ತಕ ಸಿಗಲಿಲ್ಲ. ಅವರ ಹಾಡು ಮಾತ್ರ ರೇಡಿಯೋದಿಂದ, ವಿಜಾಪುರಕ್ಕೆ ಹೋದವರು ತಂದ ಕ್ಯಾಸೆಟ್ಟಿನಿಂದ ಮನೆಗೆ ಬಂತು. ಟೇಪು ಸವೆದು ಸ್ವರ ಎಳೆದಾಡಿದರೂ ನಾವು ಬಿಡಲಿಲ್ಲ.

ಈಗ ಈ ಗೀತೆಗಳ ಸಂಜೆ ಎಲ್ಲಾದರೂ ನಡೆದರೆ ಮುಂದಿನ ಸಾಲುಗಳಲ್ಲಿ ನರೆತ ತಲೆಗಳೇ ಹೆಚ್ಚು. ಗಾಯಕರು ಪಲ್ಲವಿ ಎತ್ತಿದರೆ ಸಾಕು, ಚರಣವನ್ನು ಸಭೆಯೇ ಹಾಡುತ್ತದೆ. ನನ್ನ ಪಕ್ಕದಲ್ಲಿ ಒಮ್ಮೆ ಕುಳಿತ ಹಿರಿಯರು ಎರಡು ಗಂಟೆ ಹಾಡಿದರು. ಗೋಡೆಯ ಮೇಲಿನ ಕನ್ನಡ ಫಲಕ ಓದಲು ಮೊಮ್ಮಗನನ್ನು ಕೇಳಿದರು. ಮೊಮ್ಮಗನಿಗೂ ಓದಲು ಬರಲಿಲ್ಲ.

ಕಾಳಿಂಗರಾಯರು 1981ರಲ್ಲಿ, ಅನಂತಸ್ವಾಮಿಯವರು 1995ರಲ್ಲಿ, ಅಶ್ವಥ್ 2009ರಲ್ಲಿ ನಮ್ಮನ್ನು ಅಗಲಿದರು. ಅವರ ದನಿ ಧ್ವನಿಮುದ್ರಣದಲ್ಲಿ ಉಳಿದಿದೆ. ಆದರೆ ಕಿವಿಯಲ್ಲಿ ಮಾತ್ರ ಇರುವ ಕನ್ನಡ ಎರಡು ತಲೆಮಾರು ದಾಟುವುದು ಕಷ್ಟ. ಬಾಯಿಗೆ ಬರುವ ಒಂದು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿ, ಪದದ ಮೇಲೆ ಬೆರಳಿಟ್ಟು ಹಾಡಿಸಿ. ಗೊತ್ತಿರುವ ಹಾಡಾದ್ದರಿಂದ ಅಕ್ಷರ ಬೇಗ ಹತ್ತುತ್ತದೆ.