ಮುಂಬಯಿಯ ಜೋಪಡಪಟ್ಟಿ ಪ್ರಶ್ನೆ

ಮುಂಬಯಿ ನಗರ, ಉಪನಗರಗಳ ಜೋಪಡಪಟ್ಟಿ ಹಾಗೂ ಫುಟ್‌ಪಾತ್‌ ನಿವಾಸಿಗಳ ವಸತಿ ಸಂಕಷ್ಟ ಸಾರ್ವಜನಿಕ ಪ್ರಶ್ನೆಯಾಗಿ ಬೆಳೆದ ಇತಿಹಾಸ. ಮೊದಲು ನಗರಕ್ಕೆ ಅಂಟಿದ ಪೀಡೆಯೆಂದು ಕಂಡದ್ದು, ಅಲ್ಲಿ ಬದುಕುವವರ ಹಕ್ಕಿನ ಪ್ರಶ್ನೆಯೆನಿಸಲು ಶತಮಾನವೇ ಬೇಕಾಯಿತು.

ಹಿನ್ನೆಲೆ

1896ರ ಪ್ಲೇಗಿನಿಂದಾಗಿ ಬಡವರ ಇಕ್ಕಟ್ಟಿನ ಮನೆಗಳು ರೋಗದ ಮೂಲವೆಂದು ಸರ್ಕಾರದ ಕಣ್ಣಿಗೆ ಬಿದ್ದವು. 1898ರಲ್ಲಿ ಸ್ಥಾಪನೆಯಾದ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕೇರಿಗಳನ್ನು ಕೆಡವಿ ರಸ್ತೆ ಮಾಡಿತು. ಕಟ್ಟಿಸಿದ ಚಾಳುಗಳು ನೆಲೆ ಕಳೆದುಕೊಂಡವರಿಗೆಲ್ಲ ಸಾಲಲಿಲ್ಲ. ಸ್ವಾತಂತ್ರ್ಯಾನಂತರವೂ ತೆರವು ನಿಲ್ಲಲಿಲ್ಲ. 1971ರ ಮಹಾರಾಷ್ಟ್ರ ಕೊಳೆಗೇರಿ ಕಾಯ್ದೆ ಸುಧಾರಣೆಗೂ ದಾರಿ ತೆರೆಯಿತು. 1976ರ ಗಣತಿಯ ಬಳಿಕ ಅರ್ಹ ಕುಟುಂಬಗಳಿಗೆ ಫೋಟೋಪಾಸ್ ಎಂಬ ಗುರುತಿನ ಚೀಟಿ ಸಿಕ್ಕಿತು. ಫುಟ್‌ಪಾತ್‌ನವರು ಬಹುಮಟ್ಟಿಗೆ ಹೊರಗುಳಿದರು.

ಸಂಘಟನೆ

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಜಾಕಿನ್ ಅರ್ಪುತಂ (1946–2018) ಟ್ರಾಂಬೆ ಬಳಿಯ ಜನತಾ ಕಾಲನಿಯಲ್ಲಿ ನೆಲೆಸಿದ್ದರು. ಕಾಲನಿಯ ಕಸ ಎತ್ತುವವರಿಲ್ಲದಾಗ, ಮಕ್ಕಳ ಕೈಗೆ ಕಸದ ಪೊಟ್ಟಣ ಕೊಟ್ಟು ಪಾಲಿಕೆ ಕಚೇರಿಯ ಮುಂದೆ ಸುರಿಸಿದರು. ಕಾಲನಿಯ ನೆಲ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಬೇಕಾಗಿತ್ತು. ದೀರ್ಘ ಹೋರಾಟದ ನಡುವೆಯೂ 1976ರ ಮೇ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಅದನ್ನು ನೆಲಸಮ ಮಾಡಿ ನಿವಾಸಿಗಳನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಜಾಕಿನ್ ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಆ ಹೋರಾಟವನ್ನು ಕಾಲನಿಯಾಚೆಗೂ ಒಯ್ದಿತು.

ನ್ಯಾಯಾಲಯ ಮತ್ತು ಗಣತಿ

1981ರ ಜುಲೈ ಮಳೆಯಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಳೆ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠ, ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಸಾರಿತು. ಆದರೆ ಫುಟ್‌ಪಾತ್‌ನಲ್ಲಿ ನೆಲೆಸುವ ಹಕ್ಕನ್ನು ಒಪ್ಪಲಿಲ್ಲ. ನೋಟಿಸು ಕೊಟ್ಟು ತೆರವುಗೊಳಿಸಬಹುದೆಂದಿತು.

ಅದೇ ವರ್ಷ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಸುಮಾರು 6,000 ಫುಟ್‌ಪಾತ್ ಕುಟುಂಬಗಳ ಗಣತಿ ನಡೆಸಿತು. ನಡೆದು ಹೋಗುವಷ್ಟು ಹತ್ತಿರ ಕೂಲಿ ಸಿಗುತ್ತದೆಂದೇ ಇವರು ಅಲ್ಲಿ ಉಳಿದಿದ್ದರೆಂದು ತಿಳಿದುಬಂತು. ಈ ಕೆಲಸದಲ್ಲಿ ಜೊತೆಯಾದ ಬೈಕಲಾದ ಹೆಂಗಸರು 1986ರಲ್ಲಿ ಮಹಿಳಾ ಮಿಲನ್ ಎಂಬ ತಮ್ಮದೇ ಸಂಘಟನೆ ಕಟ್ಟಿದರು.

ಪರಿಣಾಮ

1995ರಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಸ್ಥಾಪನೆಯಾಗಿ, ಆ ವರ್ಷದ ಜನವರಿ 1ಕ್ಕೆ ಮೊದಲು ನೆಲೆಸಿದ ಕುಟುಂಬಗಳಿಗೆ 225 ಚದರಡಿಯ ಉಚಿತ ಮನೆಯ ಯೋಜನೆ ಬಂತು. ಗಡುವನ್ನು ಮುಂದೆ 2000ಕ್ಕೆ ವಿಸ್ತರಿಸಲಾಯಿತು. ಹಕ್ಕನ್ನು ದಾಖಲೆಯ ತಾರೀಖಿಗೆ ಕಟ್ಟಿಹಾಕಿದ್ದರಿಂದ ಬಾಡಿಗೆದಾರರೂ ತಡವಾಗಿ ಬಂದವರೂ ಯೋಜನೆಯ ಹೊರಗೇ ಉಳಿದರು. ಅವರ ವಸತಿಯ ಹೊಣೆ ಯಾರದೆಂಬುದೇ ಈಗ ಬಗೆಹರಿಯಬೇಕಾದ ಪ್ರಶ್ನೆ.