ಹುಬ್ಬಳ್ಳಿ-ಧಾರವಾಡ ಬೈಪಾಸ್: ನಾಲ್ಕು ಪಥದ ನಡುವೆ ಎರಡೇ ಪಥ ಉಳಿದದ್ದು ಹೇಗೆ?

ಪುಣೆ-ಬೆಂಗಳೂರು ಹೆದ್ದಾರಿ ನಾಲ್ಕು ಪಥ ಆಗಿ ವರ್ಷಗಳು ಕಳೆದರೂ ನಡುವಿನ ಸುಮಾರು 30 ಕಿ.ಮೀ. ಮಾತ್ರ ಎರಡೇ ಪಥದ, ಡಿವೈಡರ್ ಇಲ್ಲದ ರಸ್ತೆಯಾಗಿ ಉಳಿದುಕೊಂಡಿತ್ತು. ಅದು ಹುಬ್ಬಳ್ಳಿ-ಧಾರವಾಡ ಬೈಪಾಸ್. ಪತ್ರಿಕೆಗಳು ಅದಕ್ಕೆ ‘ಕಿಲ್ಲರ್ ಬೈಪಾಸ್’ ಅಂತ ಹೆಸರಿಟ್ಟವು. ಹೆಸರಿಡೋದು ಸುಲಭ. ಆ ರಸ್ತೆ ಅಷ್ಟು ವರ್ಷ ಹಾಗೇ ಉಳಿದದ್ದಕ್ಕೆ ಕಾರಣ ವಿಧಿಯೂ ಅಲ್ಲ, ಬರೀ ಚಾಲಕರ ಅವಸರವೂ ಅಲ್ಲ. ಅದೊಂದು ಕರಾರು.

ನಮ್ಮೂರು ಇರೋದು ಶಿಗ್ಗಾವಿ ತಾಲೂಕಿನಲ್ಲಿ. ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯ್ತು, ಆದರೆ ನಮ್ಮ ದೊಡ್ಡ ಕೆಲಸಗಳು ಯಾವೂ ಧಾರವಾಡ ಬಿಟ್ಟು ಬರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಅಲ್ಲಿದೆ, ಕೃಷಿ ವಿಶ್ವವಿದ್ಯಾಲಯ ಅಲ್ಲಿದೆ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆಯ್ತು. ಅದೂ ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿ. ಹಾನಗಲ್ಲಿನ ರೈತ ಜಮೀನಿನ ಕೇಸಿಗೆ ಹೋಗಲಿ, ಹಿರೇಕೆರೂರಿನ ಹುಡುಗಿ ಎಂ.ಎ. ಪ್ರವೇಶಕ್ಕೆ ಹೋಗಲಿ, ಕಾರು ಅಥವಾ ಟಿಟಿ ಮಾಡಿಕೊಂಡು ಹೊರಟರೆ ಈ ಬೈಪಾಸ್ ತಪ್ಪಿದ್ದಲ್ಲ.

ಎಲ್ಲಿಂದ ಎಲ್ಲಿಗೆ

ಬೆಂಗಳೂರು ಕಡೆಯಿಂದ ಬರುವಾಗ ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ, ತಡಸ ಕ್ರಾಸ್ ದಾಟಿದ ಮೇಲೆ ಹುಬ್ಬಳ್ಳಿಗಿಂತ ಸ್ವಲ್ಪ ಮೊದಲು ಗಬ್ಬೂರು ಸಿಗುತ್ತೆ. ಅಲ್ಲಿ ರಸ್ತೆ ಸೀಳುತ್ತೆ. ಹಳೇ ಪಿ.ಬಿ. ರೋಡ್ ಹುಬ್ಬಳ್ಳಿ ಊರೊಳಗೆ ಹೋಗುತ್ತೆ. ಬೈಪಾಸ್ ಮಾತ್ರ ಎರಡೂ ಊರುಗಳನ್ನ ಬಲಕ್ಕೆ ಬಿಟ್ಟು, ಕಾರವಾರ ರಸ್ತೆಯನ್ನ ದಾಟಿ, ತಾರಿಹಾಳ, ಇಟಿಗಟ್ಟಿ, ಯರಿಕೊಪ್ಪದ ಮಗ್ಗುಲಿಂದ ಹೋಗಿ ಧಾರವಾಡದ ಆಚೆ ನರೇಂದ್ರದಲ್ಲಿ ಮತ್ತೆ ಬೆಳಗಾವಿ ರಸ್ತೆಗೆ ಸೇರುತ್ತೆ. ಹಿಂದೆ ಇದೆಲ್ಲ ರಾಷ್ಟ್ರೀಯ ಹೆದ್ದಾರಿ 4. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟಾಗ 48 ಆಯ್ತು. ನಮ್ಮ ಕಡೆ ಹಿರಿಯರು ಇವತ್ತಿಗೂ ‘ಪಿ.ಬಿ. ರೋಡ್’ ಅಂತಲೇ ಅನ್ನೋದು. ಪುಣೆ-ಬೆಂಗಳೂರು ರಸ್ತೆ ಅನ್ನೋದರ ಚುಟುಕು ರೂಪ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಹಾವೇರಿ ಕಡೆಯಿಂದ ಕಿಮ್ಸ್‌ಗೆ ಹೋಗೋ ಆಂಬುಲೆನ್ಸ್ ಬೈಪಾಸ್ ಹಿಡಿಯಲ್ಲ, ಗಬ್ಬೂರಲ್ಲೇ ಊರೊಳಗೆ ತಿರುಗುತ್ತೆ. ಹಾಗಾಗಿ ಗಬ್ಬೂರು ಅನ್ನೋದು ನಮಗೆ ಬರೀ ಟೋಲ್ ನಾಕಾ ಅಲ್ಲ.

ಪಿ.ಬಿ. ರೋಡಿನ ಭಾರ

ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯ ಆಚೆ ದಡದ ಹರಿಹರ ಮೈಸೂರು. ಈಚೆಗೆ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ ಎಲ್ಲ ಬ್ರಿಟಿಷ್ ಮುಂಬೈ. ನಡುವೆ ನವಾಬರ ಸವಣೂರು ಮಾತ್ರ ಬೇರೆ ಸಂಸ್ಥಾನ, 1948ರವರೆಗೂ. ಪುಣೆಯಿಂದ ಮೈಸೂರು ಗಡಿಗೆ ಬರೋ ದಾರಿ ಧಾರವಾಡ, ಹುಬ್ಬಳ್ಳಿ, ಶಿಗ್ಗಾವಿ, ಹಾವೇರಿ ಮೇಲೆ ಹಾದುಹೋಯ್ತು. ಸವಣೂರು, ಹಾನಗಲ್ಲ, ಹಿರೇಕೆರೂರು ಆ ಗೆರೆಯಿಂದ ಹೊರಗೆ ಉಳಿದವು. ಒಂದು ಕಾಲದಲ್ಲಿ ರಾಜಧಾನಿಗಳಾಗಿ ಮೆರೆದ ಹಾನಗಲ್ಲ, ಸವಣೂರುಗಳು ಈಗ ‘ಹೈವೇಯಿಂದ ಒಳಗೆ ಇರೋ ಊರು’ ಆಗಿದ್ದು ಹೀಗೆ.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಸೇರಿ ಒಂದೇ ಮಹಾನಗರ ಪಾಲಿಕೆ ಆಯ್ತು. ಎರಡನ್ನೂ ಕಟ್ಟಿಹಾಕಿದ್ದ ದಾರ ಅಂದ್ರೆ ಅದೇ ಪಿ.ಬಿ. ರೋಡ್. ಕಾಲೇಜು, ಆಸ್ಪತ್ರೆ, ಮಾರುಕಟ್ಟೆ ಎಲ್ಲದಕ್ಕೂ ಅದೇ ರಸ್ತೆ; ಮುಂಬೈ ಲಾರಿಗೂ ಅದೇ ರಸ್ತೆ. ಲಾರಿಗಳನ್ನ ಊರ ಹೊರಗೆ ಕಳಿಸಲೇಬೇಕಿತ್ತು. ಬೈಪಾಸ್ ಬೇಕಾಗಿತ್ತು ಅನ್ನೋದರಲ್ಲಿ ತಕರಾರೇ ಇಲ್ಲ. ಇವತ್ತು ಅವಳಿ ನಗರದ ನಡುವೆ ಬಿಆರ್‌ಟಿಎಸ್‌ನ ‘ಚಿಗರಿ’ ಬಸ್ಸುಗಳು ತಮ್ಮದೇ ಪಥದಲ್ಲಿ ಓಡ್ತಿವೆ ಅಂದ್ರೆ, ಆ ಜಾಗ ಖಾಲಿ ಮಾಡಿಕೊಟ್ಟಿದ್ದು ಬೈಪಾಸ್ ಅಂತಲೇ ನಾನು ಹೇಳ್ತೀನಿ. ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಕರಾರಿನ ಕಥೆ

ಈ ಬೈಪಾಸ್ ಆಗಿದ್ದು 1990ರ ದಶಕದ ಕೊನೆಯಲ್ಲಿ, ಬಿಒಟಿ ಪದ್ಧತಿಯಲ್ಲಿ. ಬಿಒಟಿ ಅಂದ್ರೆ ಖಾಸಗಿ ಕಂಪನಿ ತನ್ನ ದುಡ್ಡು ಹಾಕಿ ಕಟ್ಟೋದು, ಕರಾರಿನ ವರ್ಷಗಳಷ್ಟೂ ನಡೆಸಿ ಟೋಲ್ ವಸೂಲಿ ಮಾಡೋದು, ಆಮೇಲೆ ಸರ್ಕಾರಕ್ಕೆ ಬಿಟ್ಟುಕೊಡೋದು. ಕೆಲಸ ಹಿಡಿದದ್ದು ನಂದಿ ಹೈವೇ ಡೆವಲಪರ್ಸ್. ಸರ್ಕಾರದ ಹತ್ತಿರ ರಸ್ತೆಗೆ ದುಡ್ಡಿಲ್ಲ, ಖಾಸಗಿ ಬಂಡವಾಳ ಬಂದರೆ ಸಾಕು ಅನ್ನೋ ಕಾಲ ಅದು. ಕರ್ನಾಟಕದಲ್ಲಿ ಈ ಬಗೆಯ ಮೊದಮೊದಲ ಯೋಜನೆಗಳಲ್ಲಿ ಇದೂ ಒಂದು. ಕರಾರಿನ ಅವಧಿ ಮುಗಿಯಬೇಕಿದ್ದದ್ದು 2024ರಲ್ಲಿ.

ಇನ್ನೊಂದು ಕಡೆ, 1999ರಲ್ಲಿ ವಾಜಪೇಯಿ ಸರ್ಕಾರ ಸುವರ್ಣ ಚತುರ್ಭುಜ ಯೋಜನೆ ಶುರು ಮಾಡ್ತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನ ನಾಲ್ಕು ಪಥದ ಹೆದ್ದಾರಿಯಿಂದ ಜೋಡಿಸೋ ಯೋಜನೆ. ಮುಂಬೈ-ಚೆನ್ನೈ ಬಾಹು ನಮ್ಮ ಶಿಗ್ಗಾವಿ ತಾಲೂಕಿನ ಹೊಲಗಳ ಮೇಲೇ ಹೋಯ್ತು. ನಮ್ಮ ಜಿಲ್ಲೆಯ ಕೆಲಸ ಕುಂಟುತ್ತಾ ಸಾಗಿ, ಯೋಜನೆ ಮುಗೀತು ಅಂತ ಸರ್ಕಾರ ಹೇಳಿದ್ದು 2012ರ ಜನವರಿಯಲ್ಲಿ. ಅಷ್ಟೊತ್ತಿಗೆ ಆ ಕಡೆ ಬೆಳಗಾವಿಯಿಂದ ನರೇಂದ್ರದವರೆಗೆ ನಾಲ್ಕು ಪಥ, ಈ ಕಡೆ ಗಬ್ಬೂರಿನಿಂದ ಹಾವೇರಿ ಮೇಲೆ ಬೆಂಗಳೂರುವರೆಗೆ ನಾಲ್ಕು ಪಥ. ನಡುವಿನ ತುಂಡು ಕಂಪನಿ ಕೈಯಲ್ಲಿತ್ತು, ಎರಡು ಪಥದಲ್ಲೇ ಉಳೀತು.

ಎರಡು ಪಥ ಅಂದ್ರೆ ಏನು ಅನ್ನೋದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿ ನೋಡಿ. ಬಯಲು ಸೀಮೆಯ ಎರಡು ಪಥದ ರಸ್ತೆಗೆ ಅದು ಇಟ್ಟ ಮಿತಿ ದಿನಕ್ಕೆ 15,000 ‘ಕಾರು ಸಮಾನ’ ವಾಹನ. ಇದರಲ್ಲಿ ಒಂದು ಕಾರು ಒಂದು, ಬಸ್ಸು ಅಥವಾ ಲಾರಿ ಮೂರು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್ ಎಳ್ಕೊಂಡು ಹೋಗೋದನ್ನ ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ಅಂಥದ್ದೊಂದು ಮುಂದಿದ್ದರೆ ಹಿಂದಿನ ಹತ್ತಾರು ಗಾಡಿಗಳು ಎದುರಿನ ಪಥಕ್ಕೆ ಇಣುಕ್ತಾ ಇರ್ತವೆ.

ಅಪಾಯದ ಗುಟ್ಟು ಇರೋದು ಇಲ್ಲೇ. ನಾಲ್ಕು ಪಥದಲ್ಲಿ ನೂರರ ವೇಗದಲ್ಲಿ ಬಂದ ಚಾಲಕ ಗಬ್ಬೂರೋ ನರೇಂದ್ರವೋ ದಾಟಿದ ಕೂಡಲೇ ಇಕ್ಕಟ್ಟಿನ ರಸ್ತೆಗೆ ಬೀಳ್ತಾನೆ. ರಸ್ತೆ ಬದಲಾಗುತ್ತೆ, ಕಾಲು ಬದಲಾಗಲ್ಲ. ಮುಂದಿನ ಲಾರಿ ದಾಟಬೇಕು ಅಂದ್ರೆ ಎದುರಿಂದ ಬರೋರ ಪಥಕ್ಕೇ ಹೋಗಬೇಕು. ನಾಲ್ಕು ಪಥದಲ್ಲಿ ತಪ್ಪು ಮಾಡಿದವನು ಡಿವೈಡರ್‌ಗೋ ಮುಂದಿನ ಗಾಡಿಗೋ ಗುದ್ದುತ್ತಾನೆ, ಇಲ್ಲಿ ಮುಖಾಮುಖಿ. ಎರಡೂ ಕಡೆಯ ವೇಗ ಕೂಡಿ ಬೀಳುತ್ತೆ.

‘ಅಗಲ ಮಾಡಿ’ ಅಂತ ಜನ ಕೇಳಿದಾಗೆಲ್ಲ ಸಿಗುತ್ತಿದ್ದ ಉತ್ತರ ‘ಕರಾರು ಇದೆ’. ಕಾನೂನಿನ ಲೆಕ್ಕದಲ್ಲಿ ಇದು ಸುಳ್ಳಲ್ಲ. ಟೋಲ್ ಹಕ್ಕು ಕಂಪನಿಗೆ ಕೊಟ್ಟ ರಸ್ತೆಯನ್ನ ಮುಟ್ಟಬೇಕಾದರೆ ಕಂಪನಿಯನ್ನ ಒಪ್ಪಿಸಬೇಕು, ಇಲ್ಲ ಪರಿಹಾರ ಕೊಟ್ಟು ಬಿಡಿಸಿಕೊಳ್ಳಬೇಕು. ಆದರೆ ಕರಾರಿಗೆ ಸಹಿ ಹಾಕುವಾಗ ಕಾಲು ಶತಮಾನದ ಸಂಚಾರ ಯೋಚಿಸಬೇಕಾದವರು ಯಾರು? ಸುವರ್ಣ ಚತುರ್ಭುಜ ಘೋಷಣೆ ಆದ ಕೂಡಲೇ ಈ ತುಂಡಿನ ಮಾತು ಎತ್ತಬೇಕಾದವರು ಯಾರು? ರಾಜ್ಯದಲ್ಲಿ ಜನತಾದಳ, ಕಾಂಗ್ರೆಸ್, ಬಿಜೆಪಿ ಮೂರೂ ಆಳಿದವು. ಕಂಪನಿ ತನ್ನ ಲಾಭ ನೋಡಿಕೊಳ್ಳೋದು ಸಹಜ. ಸರ್ಕಾರ ಕಂಪನಿಯ ಕರಾರನ್ನ ತನ್ನ ಗುರಾಣಿ ಮಾಡಿಕೊಂಡಿದ್ದು ನನಗೆ ಸಹಜ ಅನ್ನಿಸಲ್ಲ.

2021, ಜನವರಿ 15

ಸಂಕ್ರಾಂತಿಯ ಮರುದಿನ ಬೆಳಗ್ಗೆ ಇಟಿಗಟ್ಟಿ ಹತ್ತಿರ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿ ಹೊಡೆದವು. ದಾವಣಗೆರೆಯ ಗೆಳತಿಯರು, ಒಂದೇ ಶಾಲೆಯಲ್ಲಿ ಓದಿದವರು, ಗೋವಾಕ್ಕೆ ಹೊರಟಿದ್ದರು. 11 ಜನ ತೀರಿಕೊಂಡರು. ಅದಕ್ಕಿಂತ ಮೊದಲೂ ಈ ರಸ್ತೆಯಲ್ಲಿ ಸಾವುಗಳಾಗಿದ್ದವು, ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಹೋಗಿದ್ದವು. ಈ ಸಲ ಪ್ರಧಾನಿ ಟ್ವೀಟ್ ಮಾಡಿದರು, ದೇಶದ ಟಿವಿಗಳು ಬಂದವು. ಎಲ್ಲಕ್ಕಿಂತ ಮುಖ್ಯ, ತೀರಿಕೊಂಡವರ ಮನೆಯವರು ಸುಮ್ಮನೆ ಕೂರಲಿಲ್ಲ. ಅಪಘಾತ ಆದ ಜಾಗಕ್ಕೇ ಬಂದು ಪ್ರತಿಭಟನೆ ಮಾಡಿ, ರಸ್ತೆ ಅಗಲ ಮಾಡಿ ಅಂತ ಪಟ್ಟು ಹಿಡಿದರು.

ಅದೇ ವರ್ಷ ಜುಲೈನಲ್ಲಿ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದರು. 2022ರ ಫೆಬ್ರುವರಿ 28ರಂದು ನಿತಿನ್ ಗಡ್ಕರಿ ಹುಬ್ಬಳ್ಳಿಗೆ ಬಂದು ಹೆದ್ದಾರಿ ಯೋಜನೆಗಳಿಗೆ ಅಡಿಗಲ್ಲು ಹಾಕಿದರು. ಬೈಪಾಸನ್ನ ಆರು ಪಥ ಮಾಡೋದು, ಜೊತೆಗೆ ಸರ್ವಿಸ್ ರಸ್ತೆ, ಅದರಲ್ಲಿತ್ತು. ಅಡಿಗಲ್ಲು ಬಿದ್ದ ಮೂರೇ ತಿಂಗಳಿಗೆ, ಮೇನಲ್ಲಿ, ತಾರಿಹಾಳ ಬಳಿ ಬಸ್ಸು-ಲಾರಿ ಮುಖಾಮುಖಿಯಾಗಿ ಮತ್ತೆ ಹಲವರು ಸತ್ತರು. ಆಮೇಲೆ ಕಾಮಗಾರಿ ನಡೀತು, ಗಡುವು ಜಾರುತ್ತಾ ಹೋಯ್ತು.

ಇಲ್ಲಿ ಒಂದು ರಾಜಕೀಯ ವಿವರ ನಮ್ಮ ಓದುಗರಿಗೆ ಗೊತ್ತಿರಬೇಕು. ಸವಣೂರನ್ನೂ ಒಳಗೊಂಡ ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಮತ ಹಾಕೋದು ಧಾರವಾಡಕ್ಕೆ. ಹಾನಗಲ್ಲ, ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ. ಬೈಪಾಸ್ ಇರೋದು ಧಾರವಾಡ ಸಂಸದರ ಕ್ಷೇತ್ರದಲ್ಲಿ. ಹಾಗಾಗಿ ಶಿಗ್ಗಾವಿ, ಸವಣೂರಿನವರಿಗೆ ಬೈಪಾಸ್ ಬಗ್ಗೆ ನೇರವಾಗಿ ಕೇಳೋಕೆ ಒಬ್ಬ ಸಂಸದರಿದ್ದಾರೆ. ಹಿರೇಕೆರೂರಿನವರು ಅದೇ ರಸ್ತೆಯಲ್ಲಿ ಹೋದರೂ ಅದು ‘ಬೇರೆಯವರ ಕ್ಷೇತ್ರದ ರಸ್ತೆ’. ಅದನ್ನ ಹಾವೇರಿ ಜಿಲ್ಲೆಯ ಸಮಸ್ಯೆ ಅಂತ ನಮ್ಮ ಚುನಾವಣಾ ಭಾಷಣದಲ್ಲಿ ನಾನಂತೂ ಕೇಳಿಲ್ಲ.

ಅಗಲ ಆದರೆ ಮುಗೀತಾ?

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿ 48ರಲ್ಲಿ, ಟಿಟಿಯೊಂದು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದ 13 ಜನ ಸತ್ತರು. ಅಲ್ಲಿ ರಸ್ತೆ ಅಗಲವಾಗಿಯೇ ಇತ್ತು, ಡಿವೈಡರೂ ಇತ್ತು. ಲಾರಿ ನಿಲ್ಲಿಸೋಕೆ ಜಾಗ, ನಿಂತ ಲಾರಿಯನ್ನ ಎಬ್ಬಿಸೋ ಗಸ್ತು, ರಾತ್ರಿ ಬೆಳಕು ಇವೆಲ್ಲ ಪಥದ ಲೆಕ್ಕದಲ್ಲಿ ಬರಲ್ಲ.

ಇನ್ನೊಂದು ಸಾವು ಹೆದ್ದಾರಿಯಿಂದ ಒಳಗಿರೋ ಊರಿನದು. 2025ರ ಜನವರಿ 22ರಂದು ಸವಣೂರಿನ ಹಣ್ಣು-ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಹೊರಟಿದ್ದರು. ಮಾಲಿನ ಜೊತೆಗೇ ಲಾರಿಯಲ್ಲಿ. ಯಲ್ಲಾಪುರ ತಾಲೂಕಿನ ಘಟ್ಟದ ರಸ್ತೆಯಲ್ಲಿ ಲಾರಿ ಕಂದಕಕ್ಕೆ ಉರುಳಿ 10 ಜನ ಹೋದರು. ಬೈಪಾಸ್ ಎಷ್ಟೇ ಪಥ ಆಗಲಿ, ಸವಣೂರಿನ ಸಂತೆ ವ್ಯಾಪಾರಿಗೆ ಮಾಲು ಒಂದು ಗಾಡಿಯಲ್ಲಿ, ತಾನು ಒಂದು ಬಸ್ಸಿನಲ್ಲಿ ಹೋಗೋ ಖರ್ಚು ತಡೆಯಲ್ಲ. ನಸುಕಿನಲ್ಲಿ ಸಂತೆಗೆ ಮುಟ್ಟಿಸೋ ಬಸ್ಸೂ ಸಿಗಲ್ಲ. ರಸ್ತೆ ಸುರಕ್ಷತೆ ಅಂದಾಗ ನಾವು ಡಾಂಬರು, ಕಾಂಕ್ರೀಟಿನ ಬಗ್ಗೆಯೇ ಮಾತಾಡ್ತೀವಿ; ಯಾರು ಯಾವುದರಲ್ಲಿ ಕೂತು ಹೋಗ್ತಾರೆ ಅನ್ನೋದನ್ನ ಬಿಟ್ಟುಬಿಡ್ತೀವಿ.

ಇನ್ನು ಟೋಲ್. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಒಂದೇ ದಿಕ್ಕಿನಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕು. 2022ರ ಮಾರ್ಚಿನಲ್ಲಿ ಗಡ್ಕರಿ ಲೋಕಸಭೆಯಲ್ಲಿ 60 ಕಿ.ಮೀ. ಒಳಗಿನ ಎರಡನೇ ಟೋಲ್‌ಗಳನ್ನ ಮೂರು ತಿಂಗಳಲ್ಲಿ ಮುಚ್ಚಿಸ್ತೀವಿ ಅಂದಿದ್ದರು. ಬಂಕಾಪುರದ ಟೋಲ್‌ನಿಂದ ಗಬ್ಬೂರಿಗೆ ಅಷ್ಟು ದೂರ ಇಲ್ಲ. ಹಾಗಿದ್ದರೂ ಎರಡೂ ಕಡೆ ದುಡ್ಡು ಯಾಕೆ ಅಂತ ನಮ್ಮ ಕಡೆಯ ಕಾರು, ಗೂಡ್ಸ್ ಗಾಡಿಯವರು ಕೇಳ್ತಾರೆ. ಉತ್ತರ ಅದೇ ನಿಯಮದ ಒಳಗಿದೆ: ಶಾಶ್ವತ ಸೇತುವೆ, ಸುರಂಗ ಅಥವಾ ಬೈಪಾಸ್‌ಗೆ ಅಂತ ಹಾಕಿದ ಟೋಲ್ 60 ಕಿ.ಮೀ. ಒಳಗೂ ಇರಬಹುದು. ಅಂದ್ರೆ ‘ಬೈಪಾಸ್’ ಅನ್ನೋ ಒಂದು ಪದಕ್ಕೆ ದುಡ್ಡಿನ ಬೆಲೆ ಇದೆ. ಜನರ ತೆರಿಗೆಯಿಂದ ಆರು ಪಥ ಆಗ್ತಿರೋ ಈ ರಸ್ತೆಯನ್ನ ಶುಲ್ಕದ ಅಧಿಸೂಚನೆಯಲ್ಲಿ ಬೈಪಾಸ್ ಅಂತ ಬರೀತಾರೋ, ಹೆದ್ದಾರಿಯ ಒಂದು ಭಾಗ ಅಂತ ಬರೀತಾರೋ ಅನ್ನೋದನ್ನ ಧಾರವಾಡ ಮತ್ತು ಹಾವೇರಿಯ ಇಬ್ಬರು ಸಂಸದರನ್ನೂ ಕೇಳಬೇಕು. ಗೆಜೆಟ್ಟಿನಲ್ಲಿ ಅದು ಬರೋದಕ್ಕೆ ಮೊದಲೇ.