ಪಾಠಶಾಲೆಯೂ ಕಡಲೂ: ಹೊನ್ನಾವರದ ಹಳೆಯ ಹೆಸರು

ಒಂದು ಶನಿವಾರ ಬೆಳಿಗ್ಗೆ ಕುಂಸಿಯ ಮುಖ್ಯರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೆಂಗಳೂರಿನ ಕಾರುಗಳು ಒಂದರ ಹಿಂದೊಂದು ಸಾಗರದ ಕಡೆಗೆ ಓಡುತ್ತಿರುತ್ತವೆ. ಹೆಚ್ಚಿನವರು ಜೋಗಕ್ಕೆ ಹೋಗುವವರು. ಕೆಲವರು ಮಾತ್ರ ಹೊನ್ನೆಮರಡುವಿಗೆ ಹೋಗುತ್ತಾರೆ. ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಆ ಊರಿನಲ್ಲಿ ಈಜು, ಹರಿಗೋಲು, ದೋಣಿ ನಡೆಸುವುದನ್ನು ದಶಕಗಳಿಂದ ಕಲಿಸಲಾಗುತ್ತಿದೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವರು ನಮ್ಮ ಜಿಲ್ಲೆಯ ನೀರಿನಲ್ಲಿ ಕಲಿತು ಹೋಗುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳು ಕೇಳುವ ಮಾತು ಒಂದೇ: ‘ನೀರಿನ ಹತ್ತಿರ ಹೋಗಬೇಡ.’ ನನ್ನ ಅಮ್ಮಿ ನನಗೆ ಅದನ್ನೇ ಹೇಳಿದರು, ನಾನು ನನ್ನ ಮಕ್ಕಳಿಗೂ ಅದನ್ನೇ ಹೇಳಿದೆ. ಫಲವಾಗಿ ನಮ್ಮ ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ.

ಹಿಂದೆ 206 ಎಂದು ಕರೆಸಿಕೊಳ್ಳುತ್ತಿದ್ದ, ಈಗ 69 ಎಂಬ ಸಂಖ್ಯೆ ಪಡೆದಿರುವ ಇದೇ ಹೆದ್ದಾರಿ ಘಟ್ಟ ಇಳಿದು ಹೊನ್ನಾವರ ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಧುಮುಕುವ ಶರಾವತಿಯೂ ಅಲ್ಲಿಯೇ ಸಮುದ್ರ ಸೇರುತ್ತಾಳೆ. ಆ ಊರಿಗೆ ಒಂದು ಕಾಲಕ್ಕೆ ಎಂಥ ಹೆಸರಿತ್ತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಅವರು ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೋಗಲೆಂದು 1342ರಲ್ಲಿ ದೆಹಲಿಯಿಂದ ಹೊರಟರು. ದಾರಿಯಲ್ಲಿ ಹೊನ್ನಾವರಕ್ಕೆ ಬಂದರು. ಆಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನ ಆಳ್ವಿಕೆ. ಆದರೆ ಅವನೂ ಒಬ್ಬ ಹಿಂದೂ ಅರಸನಿಗೆ ಅಧೀನನಾಗಿದ್ದ. ಬತೂತ ಅವರು ಆ ಊರಿನ ಬಗ್ಗೆ ಮುಖ್ಯವಾಗಿ ಎರಡು ಸಂಗತಿಗಳನ್ನು ಬರೆದಿಟ್ಟಿದ್ದಾರೆ. ಮೊದಲನೆಯದು, ಊರಿನ ಜನ ಕಡಲಿನ ಮೇಲಿನ ಪರಾಕ್ರಮಕ್ಕೆ ಹೆಸರಾಗಿದ್ದರು. ಸುಲ್ತಾನನ ನೌಕಾಬಲಕ್ಕೆ ಅಂಜಿ ಮಲಬಾರಿನವರು ಅವನಿಗೆ ವರ್ಷಕ್ಕೆ ಇಷ್ಟು ಎಂದು ಹಣ ಕೊಡುತ್ತಿದ್ದರಂತೆ. ಎರಡನೆಯದು, ಆ ಒಂದು ಊರಿನಲ್ಲಿಯೇ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು! ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರು. ಇಂಥದನ್ನು ಬೇರೆಲ್ಲಿಯೂ ಕಂಡಿಲ್ಲ ಎಂದು ಅಷ್ಟೊಂದು ದೇಶ ಸುತ್ತಿದ ಅವರು ಹೇಳುತ್ತಾರೆ.

ನಮ್ಮ ಸಭೆ-ಸಮಾರಂಭಗಳಲ್ಲಿ ಆ 13 ಶಾಲೆಗಳ ಮಾತನ್ನು ಭಾಷಣಕಾರರು ಆಗಾಗ ಉದ್ಧರಿಸುವುದುಂಟು. ಒಳ್ಳೆಯದೇ. ಆದರೆ ಅದರ ಪಕ್ಕದಲ್ಲಿಯೇ ಇರುವ ಕಡಲಿನ ಮಾತನ್ನು ಯಾರೂ ಎತ್ತುವುದಿಲ್ಲ. ಪುಸ್ತಕ ಹಿಡಿದ ಮಗು ಮನೆಯೊಳಗೇ ಇರಬೇಕು, ಹೊರಗೆ ಹೋದ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ ಎಂಬ ಲೆಕ್ಕಾಚಾರ ಹೊನ್ನಾವರದವರಿಗೆ ಗೊತ್ತಿರಲಿಲ್ಲ. ಸಿಇಟಿ ಬಂದ ಮೇಲೆ ನಾವು ಕಲಿತದ್ದು ಅದು.

ಒಂದು ನಾಡಿಗೆ ಸಾಹಸದ ಹೆಸರು ಬರುವುದು ಬೆಟ್ಟ, ನದಿಗಳು ಇರುವುದರಿಂದಲೇ ಎಂದು ನೀವು ಹೇಳಬಹುದು. ಹಾಗಿದ್ದರೆ ಮಲೆನಾಡು ಜಗತ್ಪ್ರಸಿದ್ಧವಾಗಬೇಕಿತ್ತು. ಇಂದು ಸಾಹಸ ಕ್ರೀಡೆ ಎಂದೊಡನೆ ಎಲ್ಲರೂ ಹೆಸರಿಸುವ ನ್ಯೂಜಿಲೆಂಡ್ ದೇಶದ ಕಥೆ ನೋಡಿ. 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದವರು ಸೇತುವೆಯಿಲ್ಲದ ನದಿಗಳನ್ನು ದಾಟಲು ಹೋಗಿ ಎಷ್ಟು ಜನ ಸತ್ತರೆಂದರೆ, ನೀರಿನಲ್ಲಿ ಮುಳುಗಿ ಸಾಯುವುದಕ್ಕೆ ‘ನ್ಯೂಜಿಲೆಂಡ್ ಸಾವು’ ಎಂಬ ಹೆಸರೇ ಬಂದಿತ್ತು. 1840ರಿಂದ 1870ರವರೆಗೆ ದಾಖಲಾದ ಇಂಥ ಸಾವುಗಳೇ ಸಾವಿರಕ್ಕೂ ಹೆಚ್ಚು. ಅವರು ನದಿಗೆ ಬೆನ್ನು ಹಾಕಲಿಲ್ಲ. ಸೇತುವೆ ಕಟ್ಟಿದರು, 1930ರ ದಶಕದ ಕೊನೆಯಿಂದ ಮಕ್ಕಳಿಗೆ ಈಜು ಕಲಿಸುವ ಅಭಿಯಾನ ನಡೆಸಿದರು, ಶಾಲೆಶಾಲೆಗೆ ಈಜುಕೊಳ ಮಾಡಿಕೊಂಡರು. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆಯೊಂದಿಗೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಮೊದಲ ಬಾರಿ ಹಿಮಪರ್ವತ ಕಂಡದ್ದು 16ನೇ ವಯಸ್ಸಿನಲ್ಲಿ, ಒಂದು ಶಾಲಾ ಪ್ರವಾಸದಲ್ಲಿ. ಅಲ್ಲಿಯೂ ಎಲ್ಲವೂ ಸರಿಯಿಲ್ಲ. 2008ರಲ್ಲಿ ಕಣಿವೆಯೊಂದರಲ್ಲಿ ನೀರು ಏಕಾಏಕಿ ಏರಿ ಆರು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಮೃತಪಟ್ಟರು. ಆಗಲೂ ಪ್ರವಾಸಗಳನ್ನು ನಿಲ್ಲಿಸಿಬಿಡಲಿಲ್ಲ, 2011ರಲ್ಲಿ ಸಾಹಸ ಚಟುವಟಿಕೆ ನಡೆಸುವವರಿಗೆ ಕಟ್ಟುನಿಟ್ಟಿನ ನಿಯಮ ತಂದರು.

ಅಷ್ಟು ದೂರ ಯಾಕೆ? ನಮ್ಮ ಕೊಡಗನ್ನೇ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ ತಂಡಗಳು 360. ಮನೆತನದ ಹೆಸರಿನ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡಬಹುದು. ಸರ್ಕಾರ ಹೇಳಿ ಮಾಡಿಸಿದ್ದಲ್ಲ, ಕುಟುಂಬಗಳೇ ಸೇರಿ ಮಾಡಿಕೊಂಡದ್ದು.

ನೀರಿನೊಂದಿಗೆ ಬದುಕುವ ಜನ ನಮ್ಮಲ್ಲಿ ಇಲ್ಲವೆಂದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಆಚೆ ಉಳಿದ ಹಳ್ಳಿಗಳವರು ಶಾಲೆಗೂ ಆಸ್ಪತ್ರೆಗೂ ನೀರು ದಾಟಿಯೇ ಬರಬೇಕಾಯಿತು. ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅವರಿಗೆ ನೀರು ಕ್ರೀಡೆಯಾಗಿರಲಿಲ್ಲ, ದಿನದ ದಾರಿಯಾಗಿತ್ತು. ಘಟ್ಟದ ಕೆಳಗಿನ ಮೀನುಗಾರರಿಗೂ ಹಾಗೆಯೇ. ನಡುವೆ ಇರುವ ನಾವು, ಪೇಟೆಯ ಅಂಚಿನವರು, ಕೆರೆ-ಹೊಳೆ ಪಕ್ಕದಲ್ಲಿಯೇ ಇದ್ದೂ ಅದನ್ನು ಕೇವಲ ಭಯದಿಂದ ಬಲ್ಲೆವು. ಪ್ರತಿ ಬೇಸಿಗೆಯಲ್ಲಿ ಹೊಳೆಗಿಳಿದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಬೇಡವೆಂದರೂ ಹುಡುಗರು ಇಳಿದೇ ಇಳಿಯುತ್ತಾರೆ, ಈಜು ಕಲಿಯದೆ ಇಳಿಯುತ್ತಾರೆ. ಹೆಣ್ಣುಮಕ್ಕಳ ಮಾತಂತೂ ಎತ್ತುವುದೇ ಇಲ್ಲ. ಈಜುಕೊಳದಲ್ಲಿ ಅವರಿಗೆಂದೇ ಪ್ರತ್ಯೇಕ ವೇಳೆ, ಕಲಿಸಲು ಒಬ್ಬ ಮಹಿಳೆ, ಇಷ್ಟು ಕೇಳುವುದಕ್ಕೂ ನಮಗೆ ಸಂಕೋಚ.

ಇಬ್ನ್ ಬತೂತ ಅವರ ಮುಂದಿನ ಪ್ರಯಾಣದ ಒಂದು ಘಟನೆ ಹೇಳಿ ನಿಲ್ಲಿಸುತ್ತೇನೆ. ಸಿಂಹಳದಿಂದ ತಮಿಳು ಕರಾವಳಿಗೆ ಬರುವಾಗ ಅವರ ಹಡಗು ದಡ ಕಾಣುವ ದೂರದಲ್ಲಿ ನೆಲಕ್ಕೆ ಸಿಕ್ಕಿ ಒಡೆಯತೊಡಗಿತು. ನಾವಿಕರು ತೆಪ್ಪ ಕಟ್ಟಿದರು, ಎಲ್ಲರಿಗೂ ಜಾಗ ಸಾಲದು. ಜೊತೆಗಿದ್ದ ದಾಸಿಯರಲ್ಲಿ ಒಬ್ಬಳು ತನಗೆ ಚೆನ್ನಾಗಿ ಈಜು ಬರುತ್ತದೆ ಎಂದು ಹೇಳಿ ತೆಪ್ಪದ ಹಗ್ಗ ಹಿಡಿದು ನೀರಿಗಿಳಿದಳು. ಸಂಜೆಯೊಳಗೆ ಅವರೆಲ್ಲ ದಡ ಮುಟ್ಟಿದರು. ಜಗತ್ತು ಸುತ್ತಿದ ಪ್ರವಾಸಿ ಮಾತ್ರ ಒಡೆದ ಹಡಗಿನ ಹಿಂಭಾಗ ಹಿಡಿದು ಇಡೀ ರಾತ್ರಿ ಕುಳಿತಿದ್ದರು. ಬೆಳಿಗ್ಗೆ ದಡದ ಜನ ದೋಣಿ ತಂದು ಅವರನ್ನು ಇಳಿಸಿಕೊಂಡರು.